ಕಣದಲ್ಲಿ ಮಲಗಿದ ಮೈ

ಮೊದಲ ಎಲೆಕ್ಷನ್ ಆದ ಮಾರನೆಯ ವರ್ಷ ನಮ್ಮಣ್ಣ ಸಣ್ಣಯ್ಯ ಹುಡುಗರ ಜೈಲಿನಿಂದ ನಮ್ಮೂರು ಹನಗೋಡಿಗೆ ಬಂದ. ಬಂದ ಮರುದಿನ ಬೆಳಗ್ಗೆಯೇ ಸತ್ತುಹೋದ ಅಂದುಕೊಂಡೆ. ಮನೆ ಹಿಂದಿನ ಕಣದಲ್ಲಿ ಚಾಪೆ ಹಾಸಿ, ಅಂಗೈ ಮೇಲೆ ಮಾಡಿ, ಕಣ್ಣು ಮುಚ್ಚಿ ಬಿದ್ದಿದ್ದ. ಮೂಗಿನ ಹತ್ತಿರ ಬೆರಳಿಟ್ಟೆ. ಉಸಿರು ಬರುತ್ತಿತ್ತು, ಯಾವುದೋ ದೂರದ ಊರಿಂದ ನಡೆದು ಬಂದ ಹಾಗೆ.

ಅದು ಶವಾಸನವಂತೆ. ಜೈಲಿನ ವ್ಯಾಯಾಮದ ಮೇಷ್ಟ್ರು, ತಲೆಕೆಳಗಾಗಿ ನಿಲ್ಲುವುದರ ಜೊತೆ, ಅದನ್ನೂ ಕಲಿಸಿದ್ದಂತೆ. ಹುಣಸೂರು ಸಂತೆಯಲ್ಲಿ ಜೇಬು ಕತ್ತರಿಸಿ, ಹಿಡಿಯಲು ಬಂದವನ ತಲೆ ಒಡೆದು ಅಣ್ಣ ಒಳಗೆ ಹೋಗಿದ್ದು ಹದಿನಾರಕ್ಕೆ. ಅಲ್ಲಿ ನಿದ್ದೆಯಿಲ್ಲದೆ ಗೋಡೆ ಗುದ್ದುತ್ತಿದ್ದನಂತೆ. ಉಸಿರು ಬಿಡುವುದನ್ನು ಕಲಿತ ಮೇಲೆ ನಿದ್ದೆ ಹತ್ತಿತಂತೆ. ನೆಟ್ಟಗಿರಬೇಕು ಅನ್ನುವ ಷರತ್ತಿನ ಮೇಲೆ ಅವಧಿಗೆ ಮುಂಚೆ ಬಿಟ್ಟಿದ್ದರು. ಪಟೇಲರು ಇವನ ನಡತೆ ಸರಿಯಿಲ್ಲ ಅಂತ ಪೊಲೀಸರಿಗೆ ಒಂದು ಮಾತು ಹೇಳಿದರೆ ಸಾಕು, ಮತ್ತೆ ಅಲ್ಲಿಗೇ.

ನಾನು ಅಜ್ಜಿ ಸಿದ್ದಲಿಂಗಮ್ಮನ ಕಥೆ ಕೇಳುತ್ತಾ ಬೆಳೆದವಳು. ಅವಳ ಮಾಂತ್ರಿಕ ತನ್ನ ಮೈಯನ್ನು ಹುಣಸೆ ಮರದ ಬುಡದಲ್ಲಿ ಮಲಗಿಸಿ, ಜೀವವನ್ನಷ್ಟೇ ಹೊರಗೆ ಕಳಿಸಿ, ಅರಮನೆಯ ಒಡವೆ ಕದ್ದು ತರುತ್ತಿದ್ದ. ಆ ಕಥೆ ಕೇಳದ ಮಗು ಊರಲ್ಲಿರಲಿಲ್ಲ. ಅಣ್ಣ ಮಲಗುವುದನ್ನು ಬೇಲಿಯಾಚೆಯಿಂದ ಕಂಡವರಿಗೆಲ್ಲ ಅದೇ ಗುಮಾನಿ. ನನಗೂ ಇತ್ತು. ದಿನಾ ಹಿತ್ತಿಲ ಬಾಗಿಲಿಗೆ ಒರಗಿ ಅವನ ಎದೆಯನ್ನೇ ನೋಡುತ್ತಿದ್ದೆ, ಹೊರಗೆ ಹೋಗುವುದೇನಾದರೂ ಕಂಡೀತೇ ಅಂತ.

ಒಂದು ಬೆಳಗ್ಗೆ ಪಟೇಲ ಮಹದೇವಪ್ಪನವರ ಎತ್ತಿನ ಕೊಂಬಿನ ತುದಿಯ ಹಿತ್ತಾಳೆ ಕಳಸಗಳು ಕಾಣೆಯಾದವು. ಹಾಲು ಕರೆಯುವಾಗ ಇದ್ದವಂತೆ, ಎತ್ತು ಹೊರಗೆ ಕಟ್ಟುವ ಹೊತ್ತಿಗೆ ಇಲ್ಲ. ನಮ್ಮನ್ನು ಕರೆಸಿದರು. ಜಗಲಿ ಮುಂದೆ ಊರೇ ನಿಂತಿತ್ತು. ಆ ಹೊತ್ತಿನಲ್ಲಿ ಅಣ್ಣ ಕಣದಲ್ಲೇ ಮಲಗಿದ್ದ, ನಾನು ರೆಪ್ಪೆ ಬಡಿಯದೆ ನೋಡುತ್ತಿದ್ದೆ ಅಂತ ಹೇಳಿದೆ.

"ಮೈ ಅಲ್ಲಿತ್ತು ಕಣವ್ವ, ಒಪ್ಕತೀನಿ," ಅಂದರು ಪಟೇಲರು. "ಅದರೊಳಗಿದ್ದದ್ದು ಎಲ್ಲಿತ್ತು?"

ಜನ ತಲೆಯಾಡಿಸಿದರು. ನನ್ನ ಸಾಕ್ಷಿಯೇ ಅಣ್ಣನ ಕೊರಳಿಗೆ ಸುತ್ತಿಕೊಂಡಿತು.

ಪಟೇಲರ ಮಗ ಬೆಟ್ಟಸ್ವಾಮಿ ನಕ್ಕ. "ತಲೆಕೆಳಗಾಗಿ ನಿಂತ್ರೆ ಕಳ್ಳಬುದ್ಧಿ ಉದುರೋಯ್ತದೇನ್ಲಾ?"

ಅಣ್ಣನ ಮುಷ್ಟಿ ಬಿಗಿಯಿತು. ಎಲ್ಲರೂ ಕಾಯುತ್ತಿದ್ದದ್ದು ಅದಕ್ಕೇ. ಅವನು ನೆಲ ನೋಡುತ್ತಾ ಉದ್ದಕ್ಕೆ ಉಸಿರು ಬಿಟ್ಟ; ಬೆರಳುಗಳು ಒಂದೊಂದೇ ಬಿಚ್ಚಿಕೊಂಡವು. ಮಂತ್ರ ಹಾಕ್ತಾವ್ನೆ ಅಂತ ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಆಗ ಅಜ್ಜಿ ಎಲೆಅಡಿಕೆ ಉಗಿದು ಮುಂದೆ ಬಂದಳು.

"ಪಟೇಲ್ರೇ, ಕತೆ ನಂದು, ಅದರ ಕಟ್ಟಳೆ ನನಗೆ ಗೊತ್ತು. ಓಗೋ ಜೀವ ಬರೀ ಗಾಳಿ. ಗಾಳಿಗೆ ಕೈ ಇಲ್ಲ. ಏನಾದ್ರೂ ಎತ್ಬೇಕಂದ್ರೆ ಅಲ್ಲಿರೋರ ಮೈಯೊಳಕ್ಕೆ ಒಕ್ಕೇ ಎತ್ಬೇಕು. ಅವತ್ತು ನಿಮ್ಮ ಕೊಟ್ಟಿಗೇಲಿ ಯಾರ್ಯಾರ ಮೈ ಇತ್ತೋ ಅವರನ್ನ ಮೊದ್ಲು ಕರೀರಿ."

ಹಾಲು ಕರೆಯುವ ಚಾಮಯ್ಯ ಹಿಂದೆ ಸರಿದು ಗುಂಪಲ್ಲಿ ಸೇರಿಕೊಂಡ. ಬೆಟ್ಟಸ್ವಾಮಿ ಕೈಗಳನ್ನು ಹೊದ್ದ ವಲ್ಲಿಯೊಳಗೆ ಮುಚ್ಚಿಕೊಂಡ. ಪಟೇಲರು ಮಗನ ವಲ್ಲಿಯನ್ನೇ ನೋಡಿದರು, ಬಹಳ ಹೊತ್ತು. ಆಮೇಲೆ, ಇನ್ನೊಂದು ಸಲ ಹುಡುಕಿಸ್ತೀನಿ ಬುಡಿ, ಅಂತ ಎದ್ದು ಒಳಗೆ ಹೋದರು.

ಕಳಸಗಳು ಮಾರನೆಯ ದಿನ ಎತ್ತು ಮೇಯುವ ಗೋದಲೆಯ ಹುಲ್ಲಿನಡಿ ಸಿಕ್ಕವು. ಯಾರಿಟ್ಟರು ಅಂತ ಯಾರೂ ಕೇಳಲಿಲ್ಲ. ಪೊಲೀಸರಿಗೆ ಮಾತು ಹೋಗಲಿಲ್ಲ.

ಅಜ್ಜಿಯ ಮಾಂತ್ರಿಕನಿಗೆ ಬೇರೆಯವರ ಕೈ ಬೇಕಾಗಿದ್ದನ್ನು ನಾನೆಂದೂ ಕೇಳಿರಲಿಲ್ಲ. ಹಾಗೆಂದು ಅವಳನ್ನೇ ವಿಚಾರಿಸಿದ್ದಕ್ಕೆ, "ಇವತ್ತಿಂದ ಅಂಗೇ ಕಣೆ," ಅಂದಳು.

ಅಣ್ಣ ಈಗಲೂ ಕಣದಲ್ಲಿ ಮಲಗುತ್ತಾನೆ. ಒಂದು ದಿನ ಪಕ್ಕದಲ್ಲಿ ಕೂತು, ನಿಜ ಹೇಳು, ಎಲ್ಲಿಗೆ ಹೋಗ್ತೀಯ, ಅಂದೆ.

"ಎಲ್ಲಿಗೂ ಓಗಕ್ಕಿಲ್ಲ ಕಣವ್ವ. ಇಲ್ಲೇ ಇರಾದೇ ಕಷ್ಟ."

ಬೇಲಿಯಾಚೆ ಯಾರೋ ಕೆಮ್ಮು ತಡೆದುಕೊಂಡರು. ನಾನು ತಿರುಗಿ ನೋಡಿದೆ. ಅಣ್ಣ ಕಣ್ಣು ತೆರೆಯಲಿಲ್ಲ.