ದೊಡ್ಡಪ್ಪನ ಮೂಗು

"ಅನುಮತಿ ಇಲ್ಲ" ಎಂದು ಕಂಪ್ಯೂಟರ್ ಮತ್ತೆ ಹೇಳಿತು. ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಅದೇ ಗುಂಡಿಯನ್ನು ಇನ್ನಷ್ಟು ಜೋರಾಗಿ ಒತ್ತಿದಳು, ಹಾಗೆ ಗದರಿಸಿದರೆ ಅದು ಹೆದರಿಬಿಡುತ್ತದೆ ಎಂಬಂತೆ. ಅದು ಹೆದರಲಿಲ್ಲ.

ರಜೆಯ ದಿನ ಯಾರನ್ನೂ ಕೇಳದೆ ಕಂಪ್ಯೂಟರ್ ತಾನಾಗಿಯೇ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡಿತ್ತು. ಅಂದಿನಿಂದ ಹಳೆಯ ಪ್ರೋಗ್ರಾಂಗಳ ಗುರುತು ಪರಿಚಯವೇ ಇಲ್ಲದಂತೆ ಆಡುತ್ತಿತ್ತು. ಮಿಕ್ಕವು ಹಾಳಾಗಿ ಹೋಗಲಿ, ಗ್ಯಾಸ್ ಕಾಯುವ ಪ್ರೋಗ್ರಾಂ ಒಂದನ್ನಾದರೂ ಮತ್ತೆ ಇನ್‌ಸ್ಟಾಲ್ ಮಾಡಲೇಬೇಕು. ಐಸ್ ಫ್ಯಾಕ್ಟರಿಯ ಮೆಷಿನ್ ರೂಮಿನಲ್ಲಿ ನೀರನ್ನು ಹೆಪ್ಪುಗಟ್ಟಿಸುವ ವಿಷಗಾಳಿ ಅಮೋನಿಯಾ ಎಷ್ಟು ಸೋರುತ್ತಿದೆ ಎಂಬುದನ್ನು ಗೋಡೆಯ ಸೆನ್ಸರ್ ಅಳೆಯುತ್ತದೆ, ಪ್ರೋಗ್ರಾಂ ಅದನ್ನು ಓದಿ ಪರದೆಯ ಮೇಲೆ ಅಂಕಿ ತೋರಿಸುತ್ತದೆ. ಅಂಕಿ ಏರಿದರೆ ದೀಪ ಕೆಂಪಾಗಿ ಸೈರನ್ ಕೂಗುತ್ತದೆ. ದೀಪ ಹಸಿರಾಗದೆ ಕಂಪ್ರೆಸರ್ ಶುರುವಾಗುವುದೇ ಇಲ್ಲ.

"ಇನ್ನೂ ಎಷ್ಟೊತ್ತಮ್ಮಾ?" ಮ್ಯಾನೇಜರ್ ಕ್ಯಾಬಿನ್ನಿನ ಬಾಗಿಲಲ್ಲೇ ನಿಂತು ಕೇಳಿದ. "ಹೊರಗೆ ಮೀನಿನ ಲಾರಿಗಳು ಸಾಲುಗಟ್ಟಿ ನಿಂತಿವೆ. ಅನುಮತಿ ಗಿನುಮತಿ ಅಂದ್ರೆ ಮೀನಿಗೆ ಅರ್ಥ ಆಗಲ್ಲ, ಅದರ ಪಾಡಿಗೆ ಅದು ಕೊಳೆಯುತ್ತೆ."

"ಅವಳ ತಲೆ ತಿನ್ಬೇಡಿ ಸಾರ್," ಎನ್ನುತ್ತಾ ಅವನ ಹಿಂದಿನಿಂದ ದೊಡ್ಡಪ್ಪ ಒಳಗೆ ಬಂದರು. ಅಪ್ಪ ಹೋದ ಮೇಲೆ ಅವಳನ್ನು ಸಾಕಿದವರು, ಓದಿಸಿದವರು, ಈ ಕೆಲಸಕ್ಕೆ ಸೇರಿಸಿದವರು ಅವರೇ. ಮೆಷಿನ್ ರೂಮಿನ ಕೆಲಸದಲ್ಲೇ ಅವರ ತಲೆ ನರೆತಿತ್ತು. ಅಮೋನಿಯಾದ ಘಾಟು ಕುಡಿದು ಕುಡಿದು ಅವರ ಮೂಗು ಸತ್ತೇ ಹೋಗಿತ್ತು. ಮನೆಯಲ್ಲಿ ಹಾಲು ಸೀದು ಹೊಗೆ ಕಣ್ಣಿಗೆ ಬಿದ್ದರೇ ಅವರಿಗೆ ಗೊತ್ತಾಗುತ್ತಿದ್ದುದು.

"ನಂಗೆ ಮೂಗು ಇರೋದು ಕನ್ನಡಕ ಕೂರಿಸೋಕೆ ಅಷ್ಟೆ," ಎಂದು ದೊಡ್ಡಪ್ಪ ಕನ್ನಡಕ ತೆಗೆದು ಒರೆಸಿದರು. "ವಾಸನೆ ನೋಡೋ ಕೆಲಸ ಈಗ ನನ್ನ ಮಗಳ ಕಂಪ್ಯೂಟರ್‌ದು."

ಮ್ಯಾನೇಜರ್ ನಕ್ಕ. ಅವಳೂ ನಕ್ಕಳು, ಆದರೆ ಈ ಮಾತು ಕೇಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಪುಕಪುಕ ಎನ್ನುತ್ತಿತ್ತು.

ಅಡ್ಮಿನ್ ಆಗಿ ಲಾಗಿನ್ ಆದಳು. ಫೋಲ್ಡರ್‌ಗೆ ತನ್ನನ್ನೇ ಒಡತಿ ಮಾಡಿಕೊಂಡಳು. ಅದೂ ಸಾಲದೆ ಎಲ್ಲರಿಗೂ ಎಲ್ಲ ಅನುಮತಿಯನ್ನೂ ಕೊಟ್ಟು ಕೈತೊಳೆದುಕೊಂಡಳು. ಈ ಬಾರಿ ಇನ್‌ಸ್ಟಾಲ್ ಆಗುವ ಪಟ್ಟಿ ತೆವಳುತ್ತಾ ಕೊನೆ ಮುಟ್ಟಿತು. ಅಷ್ಟರಲ್ಲಿ ಇನ್ನೊಂದು ಎಚ್ಚರಿಕೆ ಎದ್ದು ಬಂತು. ಬೆಳಗಿನಿಂದ ಅಂಥವನ್ನು ಓದಿ ಓದಿ ಅವಳ ಕಣ್ಣು ಸೋತಿದ್ದವು, ಹೊರಗೆ ಲಾರಿಯವನೊಬ್ಬ ಬಿಡದೆ ಹಾರನ್ ಬಾರಿಸುತ್ತಿದ್ದ. 'ಮತ್ತೆ ಕೇಳಬೇಡ' ಎಂಬಲ್ಲಿ ಗುರುತು ಹಾಕಿ, ಓದದೆಯೇ 'ಸರಿ' ಒತ್ತಿದಳು.

ದೀಪ ಹಸಿರಾಯಿತು. ಅಂಕಿ ನಾಲ್ಕು.

"ನೋಡಿದ್ರಾ ಸಾರ್?" ದೊಡ್ಡಪ್ಪ ಹೆಮ್ಮೆಯಿಂದ ಬೀಗಿದರು. ಮೆಷಿನ್ ರೂಮಿಗೆ ಹೋಗಿ ಕಂಪ್ರೆಸರ್ ಶುರು ಮಾಡಿದರು. ಕ್ಯಾಬಿನ್ನಿನ ಗಾಜು ಗದಗುಟ್ಟತೊಡಗಿತು. ಮ್ಯಾನೇಜರ್ ಲಾರಿಗಳ ಕಡೆ ನಡೆದ. ಅವಳು ಉಸಿರು ಬಿಟ್ಟು, ಆರಿ ತಣ್ಣಗಾಗಿದ್ದ ಟೀ ಕುಡಿದಳು.

ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಕಣ್ಣುಜ್ಜುತ್ತಾ ಹೊರಗೆ ಬಂದರು. "ಈ ಹೊಸ ಕನ್ನಡಕ ಸರಿ ಇಲ್ಲ ಮಗಾ. ಕಣ್ಣು ಉರೀತಾವೆ, ಈರುಳ್ಳಿ ಹೆಚ್ಚಿದ ಹಾಗೆ."

"ಡಾಕ್ಟರ್‌ಗೆ ತೋರಿಸೋಣ ದೊಡ್ಡಪ್ಪ."

"ಎಷ್ಟಿದೆ ಈಗ?"

"ನಾಲ್ಕು. ಹಸಿರೇ ಇದೆ."

"ಹಾಗಾದ್ರೆ ಕನ್ನಡಕದ್ದೇ ಕಿತಾಪತಿ," ಎಂದು ಅವರು ಎಣ್ಣೆಯ ಡಬ್ಬಿ ಹಿಡಿದು ಮತ್ತೆ ಒಳಗೆ ಹೋದರು.

ನಾಲ್ಕು. ಅವಳು ಲೋಟ ಕೆಳಗಿಟ್ಟಳು. ಕಂಪ್ರೆಸರ್ ಓಡುವಾಗ ಆ ಅಂಕಿ ಒಂದು ಕಡೆ ನಿಂತದ್ದನ್ನು ಅವಳು ಕಂಡಿರಲಿಲ್ಲ. ಐದಕ್ಕೆ ಹೋಗುತ್ತಿತ್ತು, ಮೂರಕ್ಕೆ ಇಳಿಯುತ್ತಿತ್ತು, ತುಂಟ ಮಗುವಿನಂತೆ ಕುಣಿಯುತ್ತಿತ್ತು. ಕಣ್ಣು ಕೀಲಿಸಿ ನೋಡಿದಳು. ನಾಲ್ಕು ಅಲುಗಲಿಲ್ಲ. ಪ್ರೋಗ್ರಾಂನ ಒಳಗೆ ತಪ್ಪುಗಳು ದಾಖಲಾಗುವ ಪುಟವನ್ನು ತೆರೆದಳು. ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲು: ಸೆನ್ಸರ್ ಓದಲು ಅನುಮತಿ ಇಲ್ಲ, ಕೊನೆಯ ಅಂಕಿ ತೋರಿಸಲಾಗುತ್ತಿದೆ. ಅವಳು ನೋಡುತ್ತಿದ್ದಂತೆಯೇ ಅದರ ಕೆಳಗೆ ಅದೇ ಸಾಲು ಇನ್ನೊಂದು ಬಂದು ಕೂತಿತು.

ಆ ನಾಲ್ಕು ರಜೆಯ ಹಿಂದಿನ ಸಂಜೆಯದು. ಅವಳು ಅನುಮತಿ ಕೊಟ್ಟದ್ದು ಫೋಲ್ಡರ್‌ಗೆ, ಸೆನ್ಸರ್‌ಗಲ್ಲ. ಓದದೆ 'ಸರಿ' ಒತ್ತಿ ತಾನು ತಪ್ಪನ್ನು ಸರಿಪಡಿಸಿರಲಿಲ್ಲ, ಅದರ ಬಾಯಿ ಮುಚ್ಚಿಸಿದ್ದು ಅಷ್ಟೆ ಎಂದು ಅವಳಿಗೆ ಅರಿವಾಯಿತು. ಎದ್ದ ರಭಸಕ್ಕೆ ಕುರ್ಚಿ ಉರುಳಿತು. ಓಡಿಹೋಗಿ ಕಂಪ್ರೆಸರ್‌ನ ಮೇನ್ ಸ್ವಿಚ್ ಕೆಳಕ್ಕೆಳೆದಳು.

ಗದ್ದಲ ಇಳಿಯುತ್ತಾ ಇಳಿಯುತ್ತಾ ನಿಂತಿತು. ಗಾಜು ಸುಮ್ಮನಾಯಿತು. ಎಲ್ಲ ನಿಂತ ಮೇಲೂ ಮೆಷಿನ್ ರೂಮಿನ ಒಳಗಿನಿಂದ ಒಂದು ಸದ್ದು ಮಾತ್ರ ನಿಲ್ಲಲಿಲ್ಲ. ಸಣ್ಣಗೆ, ಎಡೆಬಿಡದೆ, ಸುಂಯ್ ಎನ್ನುತ್ತಿತ್ತು. ಬಾಗಿಲು ತಳ್ಳುವಷ್ಟರಲ್ಲಿ ಘಾಟು ಅವಳ ಮುಖಕ್ಕೆ ಹೊಡೆಯಿತು, ಕಣ್ಣಲ್ಲಿ ನೀರು ದಳದಳ ಇಳಿಯಿತು.

"ದೊಡ್ಡಪ್ಪಾ! ಹೊರಗೆ ಬನ್ನಿ!"

ಪೈಪುಗಳ ಹಿಂದೆ, ಆ ಕೊನೆಯಲ್ಲೆಲ್ಲೋ, ಕೆಮ್ಮು ಕೇಳಿಸಿತು. "ಯಾಕೆ ಮಗಾ ನಿಲ್ಲಿಸ್ದೆ? ಲಾರಿಯವರು ಬಡ್ಕೋತಾರೆ."

"ಗ್ಯಾಸು ದೊಡ್ಡಪ್ಪಾ! ಸೋರ್ತಿದೆ!"

"ಸೈರನ್ನೇ ಕೂಗಿಲ್ವಲ್ಲೇ." ಮತ್ತೆ ಕೆಮ್ಮು, ಈ ಸಲ ಉದ್ದವಾಗಿ. "ಹಸಿರು ಇದೆಯೋ ಇಲ್ವೋ, ಅದು ಹೇಳು ಮೊದಲು."

ಅವಳು ದುಪ್ಪಟ್ಟಾವನ್ನು ಬಾಯಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಕೆಮ್ಮು ಕೇಳಿದ ಕಡೆಗೆ ಓಡಿದಳು.

ಖಾಲಿ ಕ್ಯಾಬಿನ್ನಿನಲ್ಲಿ, ಉರುಳಿದ ಕುರ್ಚಿಯ ಮೇಲೆ ಹಸಿರು ಬೆಳಕು ಬಿದ್ದಿತ್ತು. ಪರದೆಯ ಮೇಲೆ ನಾಲ್ಕು ಇತ್ತು.