ಎರಡು ಹನಿಯ ನಡುವಿನ ಐದು ನಿಮಿಷ

ಬಟವಾಡಿಯ ಆ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿ ಸ್ಟೌ ತುಂಬ ಹರಿದದ್ದು ಆ ವಾರದಲ್ಲಿ ನಾಲ್ಕನೇ ಸಲ.

“ಬಟ್ಟೆ ಒಣಗಾಕಿ ಬರೋವರ್ಗೂ ಹಾಲ್ ನೋಡ್ಕೊಳ್ಳೇ ಅಂತ ಹೇಳ್ದ್ನೋ ಇಲ್ವೋ?” ಮಸಿಬಟ್ಟೆ ಹಿಡಿದುಕೊಂಡು ದಾಕ್ಷಾಯಣಿ ಕೂಗಿದಳು.

“ನೋಡ್ತಾನೇ ಇದ್ನಲ್ಲಮ್ಮ,” ಫೋನಿನಿಂದ ತಲೆ ಎತ್ತದೆ ಹೇಳಿದಳು ಪಿಯುಸಿ ಓದುವ ಮಗಳು ಸಿಂಚನಾ.

“ಏನೇ ನೋಡ್ತಿದ್ದೆ? ಹಾಲು ಮೊಬೈಲೊಳಗೆ ಉಕ್ತಿತ್ತಾ?”

ನಡುಮನೆಯಲ್ಲಿ ಗಂಡ ಮಲ್ಲಿಕಾರ್ಜುನ್ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಇನ್ನೊಂದು ಸಾಕ್ಸನ್ನು ಹೆಗಲ ಮೇಲೆ ಎಸೆದುಕೊಂಡು, ಯಾವುದೋ ಊರಿನಲ್ಲಿ ಯಾರದೋ ಹೊಲದಲ್ಲಿ ಬೋರ್‌ವೆಲ್ ಕೊರೆಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಗುಬ್ಬಿಯಲ್ಲಿ ಅವನಿಗೆ ಗುಮಾಸ್ತನ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿಬರಬೇಕು.

“ರೀ, ಗುಬ್ಬಿ ಬಸ್ಸೇನು ನಿಮ್ಮ ಮಾವನ ಮನೇದಾ, ಕಾಯಕ್ಕೆ? ಇನ್ನೊಂದ್ ಕಾಲ್ಗೂ ಹಾಕ್ಕೊಳಿ!”

“ಒಂದ್ನಿಮ್ಷ ಇರೇ, ನೀರ್ ಬರೋ ಟೈಮು.”

“ಅಯ್ಯೋ ಶಿವನೇ! ಬಂದ್ರೆ ಅವ್ರ ತೋಟಕ್ಕೆ ಬರತ್ತೆ. ನಿಮ್ಗೇನ್ರೀ ಬರತ್ತೆ?”

ದಾಕ್ಷಾಯಣಿಗೆ ರೋಸಿಹೋಗಿತ್ತು. ಈ ಮನೆಯಲ್ಲಿ ಫೋನಿನ ಹುಚ್ಚಿಲ್ಲದವಳು ತಾನೊಬ್ಬಳೇ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ತಾನು ನೋಡುವುದೇನಿದ್ದರೂ ಸ್ತ್ರೀಶಕ್ತಿ ಸಂಘದ ಗ್ರೂಪು, ಒಂದಷ್ಟು ಅಡುಗೆ, ಒಂದಷ್ಟು ಪ್ರವಚನ. ಅದೂ ಒಂದು ನೋಡುವುದಾ?

ಇಷ್ಟೇ ಆಗಿದ್ದರೆ ಹಾಲಿನ ಜೊತೆ ಸಿಟ್ಟೂ ಉಕ್ಕಿ ಆರಿಹೋಗುತ್ತಿತ್ತು. ಆದರೆ ಒಳಗಿನ ರೂಮಿನಲ್ಲಿ ಅತ್ತೆ ಲಕ್ಷ್ಮೀದೇವಮ್ಮ ಇದ್ದರು. ಕಡಬದಿಂದ ಕರೆಸಿ, ಬಲಗಣ್ಣಿಗೆ ಪೊರೆ ಆಪರೇಷನ್ ಮಾಡಿಸಿ ನಾಲ್ಕು ದಿನವಾಗಿತ್ತು. ಇದು ವಾಸಿಯಾದರೆ ಮುಂದಿನ ತಿಂಗಳು ಎಡಗಣ್ಣು.

ಆಪರೇಷನ್ನಿಗೆ ಅವರು ಸುಲಭಕ್ಕೆ ಒಪ್ಪಿರಲಿಲ್ಲ. ಕೊನೆಗೆ ಒಪ್ಪಿದ್ದು ಒಂದೇ ಕಾರಣಕ್ಕೆ. “ಅಂಗೈ ಮ್ಯಾಲಿನ ಲಿಂಗ ಮಬ್ಬುಮಬ್ಬು ಕಾಣ್ತದೆ ಕಣವ್ವ,” ಎಂದಿದ್ದರು ಸೊಸೆಗೆ. “ಐವತ್ತು ವರ್ಸ ದಿನಾ ನೋಡಿದ್ ಲಿಂಗ. ಈಗ ಪೂಜೆ ಮಾಡ್ತಿದೀನೋ, ಬರೀ ಅಂಗೈ ತೊಳ್ಕತಿದೀನೋ ಗೊತ್ತಾಯ್ತಿಲ್ಲ.”

ಡಾಕ್ಟರು ಎರಡು ಬಾಟಲಿ ಕೊಟ್ಟಿದ್ದರು. ಬಿಳಿ ಮುಚ್ಚಳದ್ದು ಸೋಂಕು ತಾಗದಿರಲಿ ಅಂತ, ಗುಲಾಬಿ ಮುಚ್ಚಳದ್ದು ಊತ ಇಳಿಯಲಿ ಅಂತ. ದಿನಕ್ಕೆ ಆರು ಸಲ. ಸೋಪಿನಲ್ಲಿ ಕೈ ತೊಳೆದು ಮೊದಲು ಬಿಳಿಯದ್ದು ಒಂದು ಹನಿ. ಐದು ನಿಮಿಷ ಬಿಟ್ಟು ಗುಲಾಬಿಯದ್ದು ಒಂದು ಹನಿ. ಒಟ್ಟಿಗೆ ಹಾಕಿದರೆ ಮೊದಲನೆಯದನ್ನು ಎರಡನೆಯದು ತೊಳೆದುಬಿಡುತ್ತದೆ. ಮನೆಯವರು ಪಾಳಿ ಹಂಚಿಕೊಂಡರು: ಬೆಳಗಿನದು ಸಿಂಚನಾ, ಹಗಲಿನದು ದಾಕ್ಷಾಯಣಿ, ಸಂಜೆ ಮೇಲಿನದು ಮಲ್ಲಿಕಾರ್ಜುನ್. ಎಷ್ಟು ಸಲೀಸು ನೋಡಿ!

ಎಡವಟ್ಟಾದದ್ದು ಆ ಐದು ನಿಮಿಷದಲ್ಲಿ.

ಅವತ್ತು ಮಧ್ಯಾಹ್ನ ದಾಕ್ಷಾಯಣಿ ಬಿಳಿ ಬಾಟಲಿಯ ಹನಿ ಹಾಕಿ, “ಕಣ್ಮುಚ್ಕೊಳಿ ಅತ್ತೆ, ಐದ್ನಿಮ್ಷ,” ಎಂದು ಪಕ್ಕದಲ್ಲೇ ಕುಳಿತಳು. ಸುಮ್ಮನೆ ಕೂರುವ ಬದಲು ಅತ್ತೆಯ ಕಿವಿಗೆ ನಾಲ್ಕು ಒಳ್ಳೆ ಮಾತಾದರೂ ಬೀಳಲಿ ಎಂದು ಫೋನಿನಲ್ಲಿ ಒಂದು ಪ್ರವಚನ ಹಾಕಿದಳು. ಸ್ವಾಮಿಗಳು ದಾಸೋಹದ ಮಹಿಮೆ ಹೇಳಿ ಮುಗಿಸಿದರು. ಅದರ ಬೆನ್ನಿಗೇ ಯಾರೋ ಹೆಂಗಸು ಮೈಸೂರು ಸಿಲ್ಕ್ ಬಿಡಿಸಿ ತೋರಿಸತೊಡಗಿದಳು. ದಾಕ್ಷಾಯಣಿಯ ಬೆರಳು ನಿಲ್ಲಲಿಲ್ಲ. ಸೀರೆ ಆಯಿತು, ಕುಚ್ಚು ಕಟ್ಟುವುದಾಯಿತು, ಕುಕ್ಕರಿನಲ್ಲಿ ಕೇಕ್ ಆಯಿತು.

“ದಾಕ್ಷಾಯಣಿ,” ಕಣ್ಣು ಮುಚ್ಚಿಕೊಂಡೇ ಕೇಳಿದರು ಅತ್ತೆ. “ಆ ಸ್ವಾಮ್ಗೋಳು ಯಾಕವ್ವ ಸೀರೆ ರೇಟ್ ಏಳ್ತಾವ್ರೆ?”

“ಹೂಂ ಅತ್ತೆ,” ಎಂದಳು ದಾಕ್ಷಾಯಣಿ. ಕೇಳಿಸಿಕೊಂಡಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ: “ಐದ್ನಿಮಿಸ ಇನ್ನೂ ಆಗಿಲ್ವೇನವ್ವ?”

“ಆಯ್ತು ಅತ್ತೆ, ಇನ್ನೊಂದ್ಚೂರು.”

ಅವಳು ಗಡಿಯಾರ ನೋಡಿದಾಗ ಐವತ್ತು ನಿಮಿಷವಾಗಿತ್ತು. ಕಣ್ಣು ಬಿಡಬೇಡಿ ಎಂದು ಸೊಸೆ ಹೇಳಿದ್ದಳಲ್ಲ, ಮುದುಕಿ ಬಿಟ್ಟಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ನಿದ್ದೆ ಹೋಗಿದ್ದರು. ಎಬ್ಬಿಸುವುದು ಯಾಕೆ, ಮುಂದಿನ ಸಲ ಹಾಕಿದರಾಯಿತು ಎಂದು ದಾಕ್ಷಾಯಣಿ ಎದ್ದಳು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನು, ಒಂದು ಹನಿ ತಾನೆ?

ಎಂಟನೇ ದಿನ ಚೆಕಪ್ಪಿಗೆ ಹೋದಾಗ ಕಣ್ಣು ಕೆಂಪಗಿತ್ತು. ಡಾಕ್ಟರು ಬೆಳಕು ಬಿಟ್ಟು ನೋಡಿ ಮುಖ ಗಂಟಿಕ್ಕಿದರು. “ಊತ ಇಳಿದೇ ಇಲ್ವಲ್ಲಮ್ಮ. ಡ್ರಾಪ್ಸ್ ಸರಿಯಾಗಿ ಹಾಕ್ತಿದೀರಾ?”

“ಒಂದೂ ತಪ್ಪಿಸಿಲ್ಲ ಸಾರ್,” ಎಂದರು ಮೂವರೂ, ಶಾಲೆ ಮಕ್ಕಳು ಪಾಠ ಒಪ್ಪಿಸಿದ ಹಾಗೆ.

ನರ್ಸ್ ಆಶಾರಾಣಿ ಇವರ ಎದುರು ಮನೆಯವಳೇ, ಕುಣಿಗಲ್ ಕಡೆಯ ಹುಡುಗಿ. ಅವಳು ಎರಡೂ ಬಾಟಲಿ ಕೈಗೆ ತೆಗೆದುಕೊಂಡು ಅಲ್ಲಾಡಿಸಿದಳು. ಬಿಳಿಯದು ತಳ ಕಂಡಿತ್ತು. ಗುಲಾಬಿಯದು ಅರ್ಧಕ್ಕಿಂತ ಹೆಚ್ಚು ತುಂಬಿತ್ತು.

“ಅಕ್ಕ, ಇದು ಹೊಸ ಬಾಟ್ಲಿನಾ?”

ಮಲ್ಲಿಕಾರ್ಜುನ್ ಹೆಂಡತಿಯ ಕಡೆ ನೋಡಿದ, ಹೆಂಡತಿ ಮಗಳ ಕಡೆ ನೋಡಿದಳು.

“ಎಡಗಣ್ಣಿನ ಆಪರೇಷನ್ ಡೇಟ್ ಈಗ ಕೊಡಲ್ಲ,” ಎಂದರು ಡಾಕ್ಟರು. “ಹತ್ತು ದಿನ ಒಂದು ಹನಿಯೂ ತಪ್ಪದ ಹಾಗೆ ಹಾಕಿ, ಕರ್ಕೊಂಡ್ ಬನ್ನಿ. ಇದು ಹಿಂಗೇ ಇದ್ರೆ ಮಾಡಿರೋ ಕಣ್ಣಿಗೂ ಕಷ್ಟ.”

ಮನೆ ಮುಟ್ಟುವವರೆಗೂ ತಡೆದುಕೊಂಡಿದ್ದ ದಾಕ್ಷಾಯಣಿ ಬಾಗಿಲು ಹಾಕಿದ ಕೂಡಲೇ ಶುರು ಮಾಡಿದಳು. ಮಗಳಿಗೆ ಬೈದಳು, ಗಂಡನಿಗೆ ಬೈದಳು, ಫೋನ್ ಕಂಡುಹಿಡಿದವನ ವಂಶಕ್ಕೂ ಒಂದಿಷ್ಟು ಹಂಚಿದಳು. “ಒಬ್ಬಳು ರೀಲ್ಸು, ಒಬ್ರು ಬೋರ್‌ವೆಲ್ಲು! ಇವ್ರ ಕೈಗೆ ಒಂದ್ ಮುದುಕೀ ಕಣ್ಣು ಕೊಟ್ನಲ್ಲ, ನನ್ನ ಬುದ್ಧಿಗೆ!”

“ನಿನ್ ಪಾಳೀಲೂ ತಪ್ಪಿರ್ಬೋದಲ್ವಾ?” ಮಲ್ಲಿಕಾರ್ಜುನ್ ಮೆಲ್ಲಗೆ ಕೇಳಿದ.

“ನಾನೇನು ನಿಮ್ಮಂಗೆ ನೋಡ್ತೀನಾ? ಎಲ್ಲಾ ಸೇರ್ಸಿದ್ರೆ ದಿನಕ್ಕೆ ಅರ್ಧ ಗಂಟೆ.”

ಸಂಜೆ ಡ್ಯೂಟಿ ಮುಗಿಸಿ ಬಂದ ಆಶಾರಾಣಿ ಬಾಗಿಲಲ್ಲೇ ಇದನ್ನು ಕೇಳಿಸಿಕೊಂಡಳು. “ಅಕ್ಕ, ಅದಕ್ಕೆ ಜಗಳ ಯಾಕೆ? ಫೋನೇ ಲೆಕ್ಕ ಇಟ್ಟಿರತ್ತೆ. ಸೆಟ್ಟಿಂಗ್ಸಲ್ಲಿ ನೋಡು ಸಿಂಚನಾ.”

ಸಿಂಚನಾ ಅಮ್ಮನ ಫೋನಿನಲ್ಲಿ ಹುಡುಕಿ ಗಟ್ಟಿಯಾಗಿ ಓದಿದಳು. “ದಿನಕ್ಕೆ ನಾಲ್ಕು ಗಂಟೆ ಐವತ್ತು ನಿಮಿಷ! ಅಮ್ಮ, ನಂಗಿಂತ ಜಾಸ್ತಿ!”

“ಸುಳ್ಳು ಹೇಳತ್ತೆ ಅದು. ಚಾರ್ಜಿಗೆ ಹಾಕಿದ್ದೂ ಸೇರಿಸ್ಕೊಂಡಿರತ್ತೆ!”

ಗಂಡ ನಕ್ಕ. ಮಗಳು ನಕ್ಕಳು. ಒಳಗಿನಿಂದ ಅತ್ತೆಯ ದನಿ ಬಂತು: “ಬುಡ್ರೋ, ಅವ್ಳನ್ ಯಾಕ್ ಆಡ್ಕಂಡ್ ನಗ್ತೀರಾ. ನಂಗೆ ಒಂದ್ ಕಣ್ಣಾದ್ರೂ ಸಾಕು. ಇನ್ನೊಂದ್ ಬ್ಯಾಡ ಬುಡಿ, ನಿಮ್ಗೂ ತೊಂದ್ರೆ.”

ಆ ಮಾತು ಬಂದ ಮೇಲೆ ಯಾರಿಗೂ ನಗು ಬರಲಿಲ್ಲ. ದಾಕ್ಷಾಯಣಿ ತಲೆ ತಗ್ಗಿಸಿ ಐವತ್ತು ನಿಮಿಷದ ಮಾತನ್ನು ಬಾಯಿಬಿಟ್ಟಳು. ಬೆಳಗಿನ ಗುಲಾಬಿ ಹನಿ ಮೂರು ದಿನ ಮರೆತೆ ಎಂದಳು ಸಿಂಚನಾ. ತಾನು ಎಷ್ಟು ಸಲ ಮರೆತೆ ಎಂಬುದನ್ನೇ ಮಲ್ಲಿಕಾರ್ಜುನ್ ಮರೆತಿದ್ದ.

“ಹಂಗಾದ್ರೆ ಇವತ್ತೇ ನಾಕ್ನಾಕ್ ಹನಿ ಹಾಕ್ಬಿಡೋಣ ಬಿಡಿ ಸಿಸ್ಟರ್,” ಎಂದ ಅವನು ಹುರುಪಿನಿಂದ. “ಬಾಕಿ ಎಲ್ಲಾ ಕ್ಲಿಯರ್.”

“ಅಣ್ಣಾ!” ಆಶಾರಾಣಿ ಹಣೆ ಚಚ್ಚಿಕೊಂಡಳು. “ಔಷಧಿ ಕಣಣ್ಣ, ಕರೆಂಟ್ ಬಿಲ್ಲಲ್ಲ! ಮರೆತಿದ್ದು ಮರೆತು ಹೋಯ್ತು. ಸೇರಿಸಿ ಹಾಕೋ ಹಾಗಿಲ್ಲ. ಇನ್ಮುಂದೆ ತಪ್ಪಿಸ್ಬೇಡಿ, ಅಷ್ಟೇ.”

“ಆಯ್ತಮ್ಮ, ಇವತ್ತಿಂದ ಮನಸ್ಸು ಗಟ್ಟಿ ಮಾಡ್ಕೋತೀವಿ,” ಎಂದಳು ದಾಕ್ಷಾಯಣಿ.

“ಅದೊಂದ್ ಮಾತ್ರ ಮಾಡ್ಬೇಡಿ ಅಕ್ಕ. ಸೋಲ್ತೀರ. ಕೈಲಿ ಫೋನ್ ಹಿಡ್ಕೊಂಡು ಮನಸ್ಸು ಗಟ್ಟಿ ಮಾಡ್ಕೊಳೋದು, ಬೋಂಡದ ತಟ್ಟೆ ತೊಡೆ ಮೇಲಿಟ್ಕೊಂಡು ಉಪವಾಸ ಮಾಡ್ದಂಗೆ. ಫೋನ್ ದೂರ ಇಡಿ. ಮನಸ್ಸಿಗಿಂತ ಕಾಲು ಸೋಮಾರಿ. ಎದ್ದು ಹೋಗ್ಬೇಕು ಅಂದ್ರೆ ಅದು ‘ಬೇಡ ಬಿಡು’ ಅನ್ನತ್ತೆ.”

“ಅರ್ಜೆಂಟ್ ಫೋನ್ ಬಂದ್ರೆ?” ಮಲ್ಲಿಕಾರ್ಜುನನ ಅನುಮಾನ.

“ರಿಂಗ್ ಜೋರಾಗಿಡಿ, ಕೇಳ್ಸತ್ತೆ. ಎದ್ದು ಹೋಗಿ, ನಿಂತ್ಕೊಂಡೇ ಮಾತಾಡಿ. ನಿಂತ್ಕೊಂಡು ಎಷ್ಟೊತ್ತು ಬೋರ್‌ವೆಲ್ ನೋಡ್ತೀರ, ನಾನೂ ನೋಡ್ತೀನಿ.”

“ಹೊತ್ತು ಗೊತ್ತಾಗೋದ್ ಹೆಂಗಕ್ಕ? ಅಲಾರಂ ಫೋನಲ್ಲೇ ಇದ್ಯಲ್ಲ,” ಎಂದಳು ಸಿಂಚನಾ.

“ಅದೇ ತಾನೇ ಬಲೆ! ಅಲಾರಂ ಆಫ್ ಮಾಡಕ್ಕೆ ಅಂತ ಹೋಗ್ತೀಯ, ಅರ್ಧ ಗಂಟೆ ಅಲ್ಲೇ ಇರ್ತೀಯ. ಅಜ್ಜಿ, ನೀವು ಲಿಂಗಪೂಜೆ ಯಾವತ್ತಾದ್ರೂ ಮರ್ತಿದೀರಾ?”

“ಏ, ಎಲ್ಲಾದ್ರೂ ಉಂಟಾ? ಸ್ನಾನ ಆಯ್ತು ಅಂದ್ರೆ ಕೈ ತಾನೇ ಇಬೂತಿಗೆ ಹೋಯ್ತದೆ.”

“ನೋಡಿದ್ರಾ? ಅಲಾರಂ ಇಲ್ಲ, ಏನಿಲ್ಲ. ಒಂದ್ ಅಭ್ಯಾಸದ ಬಾಲಕ್ಕೆ ಇನ್ನೊಂದನ್ನ ಕಟ್ಬೇಕು. ಅಜ್ಜಿ ಪೂಜೆಯಿಂದ ಎದ್ರೆ ಒಂದ್ಸಲ ಹನಿ. ತಿಂಡಿ ತಟ್ಟೆ ಎತ್ತಿದ್ರೆ ಒಂದ್ಸಲ. ಊಟ, ಟೀ, ದೀಪ ಹಚ್ಚೋದು, ಮಲಗೋದು. ಆರು ಆಯ್ತಲ್ಲ?”

“ಆದ್ರೆ ಆ ಐದ್ನಿಮ್ಷ?” ದಾಕ್ಷಾಯಣಿಗೆ ಅದೇ ಕೊರೆಯುತ್ತಿತ್ತು. “ಸುಮ್ನೆ ಹೆಂಗಮ್ಮ ಕೂತ್ಕೊಳೋದು? ಕೈ ಕಡಿಯತ್ತೆ.”

ಇದಕ್ಕೆ ಉತ್ತರ ಹೊಳೆದದ್ದು ಲಕ್ಷ್ಮೀದೇವಮ್ಮನಿಗೆ.

“ನೂರೆಂಟು ಸಲ ‘ಓಂ ನಮಃ ಶಿವಾಯ’ ಅಂದ್ರೆ ಎಷ್ಟೊತ್ತಾಯ್ತದೆ, ನೋಡ್ ಮಗ,” ಎಂದರು ಮೊಮ್ಮಗಳಿಗೆ.

ಸಿಂಚನಾ ಗೋಡೆ ಗಡಿಯಾರದ ಕೆಳಗೆ ನಿಂತಳು. ಅಜ್ಜಿ ಅವಸರವಿಲ್ಲದೆ, ಒಂದೊಂದು ಉಸಿರಿಗೆ ಒಂದೊಂದರಂತೆ ಹೇಳಿದರು. ಮುಗಿದಾಗ ಐದು ನಿಮಿಷ ದಾಟಿ ಸ್ವಲ್ಪ ಹೆಚ್ಚೇ ಆಗಿತ್ತು.

“ಬಿಳೀದು ಬುಟ್ಟು ಜಪ ಸುರು. ಜಪ ಮುಗುದ್ರೆ ಗುಲಾಬೀದು. ಈ ಗಡಿಯಾರದೊಳಗೆ ಸೀರೆ ಬರಾಕಿಲ್ಲ,” ಎಂದರು ಮುದುಕಿ.

ಮರುದಿನವೇ ಬೀದಿ ಬಾಗಿಲ ಪಕ್ಕದ ಮೊಳೆಗೆ ಒಂದು ಪ್ಲಾಸ್ಟಿಕ್ ಬುಟ್ಟಿ ಬಂತು. ಮೂರೂ ಫೋನು ಅದರೊಳಗೆ. ನೋಡುವುದಿದ್ದರೆ ಅಲ್ಲೇ, ನಿಂತುಕೊಂಡೇ.

ಮೊದಲೆರಡು ದಿನ ಮನೆ ಹುಚ್ಚಾಸ್ಪತ್ರೆಯಾಗಿತ್ತು. ಮಲ್ಲಿಕಾರ್ಜುನ್ ಖಾಲಿ ಜೇಬನ್ನು ಹತ್ತು ಸಲ ಮುಟ್ಟಿಕೊಂಡ. ಸಿಂಚನಾ, “ನಂಗೆ ಜಪ ಗಿಪ ಆಗಲ್ಲ, ನಾನು ಉಸ್ರು ಎಣಿಸ್ತೀನಿ,” ಎಂದಳು. ಅಜ್ಜಿ, “ಎಣ್ಸು ಮಗ, ಅದೂ ಅವ್ನದೇ,” ಎಂದರು.

ಮೂರನೇ ದಿನ ಜಾರಿದ್ದು ದಾಕ್ಷಾಯಣಿಯೇ. ಜಪ ನಡೆಯುತ್ತಿರುವಾಗ ಬುಟ್ಟಿಯೊಳಗಿಂದ ಟಿಣ್ ಎಂದಿತು. ಸಂಘದ ಮೆಸೇಜೇ ಇರಬೇಕು ಎಂದು ಬೆಕ್ಕಿನಂತೆ ಎದ್ದಳು.

“ನಲವತ್ತಕ್ಕೇ ಎದ್ಯಲ್ಲವ್ವ,” ಕಣ್ಣು ಮುಚ್ಚಿಕೊಂಡೇ ಹೇಳಿದರು ಅತ್ತೆ. “ಅರ್ಧ ದಾರೀಲಿ ಕೈ ಬುಟ್ಟೋದ್ಳು ಅಂತ ಶಿವ ಏನಂದ್ಕಂಡಾನು?”

“ಥೂ, ನನ್ನ ಕಾಲಿಗಿಷ್ಟು!” ದಾಕ್ಷಾಯಣಿ ವಾಪಸ್ ಬಂದು ಕುಳಿತಳು. ತನ್ನ ಮೇಲೆ ತನಗೇ ಎಷ್ಟು ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರಾಡಿತು. ಇದನ್ನು ಕೇಳಿದ ಆಶಾರಾಣಿ, “ಜಾರಿದ್ರೆ ಜಾರಿದ್ರಿ ಅಕ್ಕ. ಅಲ್ಲಿಂದ್ಲೇ ಮುಂದಕ್ಕೆ ಎಣ್ಸಿ. ಇವತ್ತು ಕೆಟ್ಟೋಯ್ತು, ಸೋಮವಾರದಿಂದ ಶುರು ಮಾಡ್ತೀನಿ ಅಂತ ಮಾತ್ರ ಕೂರ್ಬೇಡಿ,” ಎಂದಳು. ಅವತ್ತಿನಿಂದ ಟಿಣ್ ಎನ್ನುವ ಸದ್ದೆಲ್ಲ ಬಂದ್. ಕರೆ ಬಂದರೆ ಮಾತ್ರ ರಿಂಗು.

ದಿನ ಕಳೆದಂತೆ ಕೈ ಕಡಿಯುವುದು ಕಡಿಮೆಯಾಯಿತು. ಆ ಐದು ನಿಮಿಷದಲ್ಲಿ ಅತ್ತೆಯ ಕೈ ಹಿಡಿದು ಕೂರುವಾಗ, ಆ ಬೆರಳುಗಳು ಇಷ್ಟು ಸಣ್ಣಗಾಗಿವೆಯಲ್ಲ ಎಂದು ದಾಕ್ಷಾಯಣಿ ಮೊದಲ ಸಲ ಗಮನಿಸಿದಳು.

ಹತ್ತನೇ ದಿನ ಡಾಕ್ಟರು ಬೆಳಕು ಬಿಟ್ಟು ನೋಡಿದರು.

“ಊತ ಪೂರ್ತಿ ಇಳ್ದಿದೆ. ಎಡಗಣ್ಣು ಮುಂದಿನ ತಿಂಗಳ ಮೊದಲನೇ ವಾರ ಮಾಡೋಣ. ಆಗ್ಲೂ ಹಿಂಗೇ ಹಾಕ್ತೀರ ತಾನೇ?”

ಮೂವರೂ ಬಾಯಿ ತೆರೆಯುವುದರೊಳಗೆ ಲಕ್ಷ್ಮೀದೇವಮ್ಮನೇ ಉತ್ತರ ಕೊಟ್ಟರು. “ಆಕ್ತಾರೆ ಬುಡಿ ಡಾಕ್ಟ್ರೇ. ಈ ಕಣ್ಣು ಈಗ ಎಲ್ರನ್ನೂ ನೋಡ್ತಾ ಇರ್ತದೆ.”

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಮನೆಯಲ್ಲಿ ಕಣ್ಣಿನ ಹನಿ ಇಲ್ಲದಿರಬಹುದು. ಒಲೆಯ ಮೇಲೆ ಹಾಲಿರಬಹುದು, ಪಕ್ಕದಲ್ಲಿ ಮಗು ಇರಬಹುದು, ಹೆತ್ತವರ ಬಿ.ಪಿ. ಮಾತ್ರೆ ಇರಬಹುದು. ‘ನಾನು ಅಷ್ಟೊಂದು ನೋಡಲ್ಲಪ್ಪ’ ಅನ್ನುವ ಮೊದಲು ನಿಮ್ಮ ಫೋನಿನ ಲೆಕ್ಕವನ್ನು ಒಂದು ಸಲ ತೆಗೆದು ನೋಡಿ. ಬಾಗಿಲ ಬಳಿ ಒಂದು ಬುಟ್ಟಿ ನೇತುಹಾಕಿ. ದಿನಕ್ಕೆ ಒಂದೇ ಒಂದು ಐದು ನಿಮಿಷ ಆರಿಸಿಕೊಳ್ಳಿ. ಜಪವೋ, ಉಸಿರೋ, ಮನೆಯವರ ಜೊತೆ ಮಾತೋ, ನಿಮಗೆ ಒಗ್ಗಿದ್ದು ಮಾಡಿ. ಸೋಮವಾರದಿಂದ ಅಲ್ಲ, ಇವತ್ತೇ. ಈ ಹಾಳೆ ಮಡಚಿ ಕೆಳಗಿಟ್ಟ ಕೂಡಲೇ ನಿಮ್ಮ ಕೈ ಎತ್ತ ಹೋಗುತ್ತದೆ, ಗಮನಿಸಿ. ಹೊರಟಿತಾ? ಅಲ್ಲೇ ತಡೆಯಿರಿ. ಶುರುವಾಯಿತು ನಿಮ್ಮ ಐದು ನಿಮಿಷ.