ಫೋಟೋದಲ್ಲಿ ಕಾಣದ ಎಳೆ

ಕೋಲು ಮತ್ತೆ ಜಾರಿತು.

ಜಾರಿದ್ದು ಕೂದಲೆಳೆಯಷ್ಟೇ. ಆದರೂ ಬಿಳಿ ಚೆಂಡು ತನ್ನ ದಾರಿ ಮರೆತು ಬೇರೆಲ್ಲೋ ಸಾಗಿತು. ಚಿಕ್ಕಬಳ್ಳಾಪುರದಲ್ಲಿ ನಡೆಯುತ್ತಿದ್ದ ಜಿಲ್ಲಾ ಪೂಲ್ ಬಿಲಿಯರ್ಡ್ಸ್ ಪಂದ್ಯಾವಳಿಯ ಅಂತಿಮ ಸುತ್ತಿನ ಮೊದಲ ಆಟ ಚಿಂತಾಮಣಿಯ ಮುರಳಿಮೋಹನನ ಪಾಲಾಯಿತು. ಉಳಿದ ಎರಡೂ ಆಟಗಳನ್ನು ಗೆದ್ದರೆ ಮಾತ್ರ ಶಿಡ್ಲಘಟ್ಟದ ಸನಾ ರಾಜ್ಯಮಟ್ಟಕ್ಕೆ ಹೋಗಬಹುದಿತ್ತು.

ಕೈಯಲ್ಲಿದ್ದ ಕರಿಯ ಕೋಲನ್ನು ಅವಳು ದಿಟ್ಟಿಸಿದಳು. ಅವಳ ಕೋಣೆಯ ಗೋಡೆಯ ಮೇಲಿನ ಚಿತ್ರದಲ್ಲಿ ಚಾಂಪಿಯನ್ ನರಸಿಂಹಮೂರ್ತಿ ಹಿಡಿದಿರುವುದೂ ಇಂಥದ್ದನ್ನೇ. ಕೋಲು ತಯಾರಿಸುವ ಕಂಪನಿಯೇ ಅವರ ಪ್ರಾಯೋಜಕ. ಅವರದನ್ನೇ ಹಿಡಿದರೆ ಅವರ ಆಟವೂ ಕೈಗೆ ಇಳಿದು ಬರುತ್ತದೆಂದು ನಂಬಿ ತಂದದ್ದು. ತಂದ ಮೇಲೆ ಗೊತ್ತಾಯಿತು, ಅವಳ ಬೆವರುವ ಅಂಗೈಯಲ್ಲಿ ಆ ನುಣುಪು ನಿಲ್ಲುವುದಿಲ್ಲವೆಂದು. ಆಗ ಅಜ್ಜಿ ವಜೀರುನ್ನೀಸಾ, ಬಾಳೆಲ್ಲ ಗೂಡುಗಳಿಂದ ರೇಷ್ಮೆಯ ಎಳೆ ಬಿಚ್ಚಿದ ಹೆಂಗಸು, ಗೂಡಿನ ಅಂಟು ಇನ್ನೂ ಉಳಿದಿದ್ದ ಹುರಿಮಾಡಿದ ಹಳದಿ ರೇಷ್ಮೆಯನ್ನು ಹಿಡಿಕೆಗೆ ಒತ್ತಾಗಿ ಸುತ್ತಿಕೊಟ್ಟಿದ್ದಳು.

ಅಲ್ಲಿಂದ ಮುಂದೆ ಸನಾಳ ನಿದ್ದೆಯ ಬಣ್ಣವೇ ಬದಲಾಗಿತ್ತು. ಕನಸಿನಲ್ಲಿ ಹಸಿರು ಮೇಜು ಹಿಪ್ಪುನೇರಳೆ ತೋಟವಾಗಿ ಹರಡಿಕೊಳ್ಳುತ್ತಿತ್ತು. ಚೆಂಡುಗಳು ರೇಷ್ಮೆಗೂಡುಗಳಾಗಿ ಎಲೆಗಳ ನಡುವೆ ಹೊಳೆಯುತ್ತಿದ್ದವು. ಒಂದೊಂದರಿಂದಲೂ ಒಂದು ಎಳೆ ಹೊರಟು ಅವಳ ಅಂಗೈಗೆ ಬರುತ್ತಿತ್ತು. ಮೆಲ್ಲಗೆ ಎಳೆದರೆ ಸಾಕು, ಗೂಡು ತಾನಾಗಿ ಉರುಳಿ ಹೋಗಿ ಕತ್ತಲೆಯ ಬಾವಿಯೊಂದಕ್ಕೆ ಸದ್ದಿಲ್ಲದೆ ಬೀಳುತ್ತಿತ್ತು.

ಇಂದು ಬೆಳಿಗ್ಗೆ ಅದೇ ದಾರ ಅವಳಿಗೆ ಹಳ್ಳಿಗಾಡಿನದಾಗಿ ಕಂಡಿತು. ಪಂದ್ಯಕ್ಕೆ ಮುಖ್ಯ ಅತಿಥಿ ಸ್ವತಃ ನರಸಿಂಹಮೂರ್ತಿ. ಚಿತ್ರದಲ್ಲಿ ಇಲ್ಲದ ದಾರ ಅವರ ಕಣ್ಣಿಗೆ ಬೀಳುವುದು ಬೇಡವೆಂದು ಬಿಚ್ಚಿ, ಮಂಚದ ಮೇಲೆ ಎಸೆದು ಬಂದಿದ್ದಳು.

ಚಹಾದ ವಿರಾಮದಲ್ಲಿ ನರಸಿಂಹಮೂರ್ತಿಯವರು ತಮ್ಮ ಕೋಲಿನಿಂದ ಕೆಲವು ಹೊಡೆತಗಳನ್ನು ಆಡಿ ತೋರಿಸಿದರು. ಎಲ್ಲರೂ ಚೆಂಡುಗಳನ್ನು ನೋಡುತ್ತಿದ್ದರು. ಸನಾ ಮಾತ್ರ ಹಿಡಿಕೆ ಹಿಡಿದ ಅವರ ಕೈಯನ್ನು ನೋಡುತ್ತಿದ್ದಳು. ಅವರು ಕೈ ತೆಗೆದರು. ಹೊಳೆಯುವ ಕರಿ ಬಣ್ಣದ ಮೇಲೆ, ಕಂಪನಿಯ ಹೆಸರನ್ನೇ ಮುಚ್ಚಿ, ಸವೆದ ಸೈಕಲ್ ಟ್ಯೂಬಿನ ಪಟ್ಟಿಯೊಂದು ಸುತ್ತಿಕೊಂಡಿತ್ತು.

ಅವಳು ಹತ್ತಿರ ಹೋಗಿ ಪಟ್ಟಿಯತ್ತ ಬೆರಳು ತೋರಿಸಿದಳು.

“ಇದಾ?” ಅವರು ನಕ್ಕರು. “ಕೋಲು ಕಂಪನಿಯವ್ರು ಕೊಟ್ಟಿದ್ದು, ಕೈ ನಂದಲ್ವೇನಮ್ಮ? ಜಾರ್ತಿತ್ತು, ಸುತ್ಕೊಂಡೆ. ಫೋಟೋ ತೆಗೆಯೋವಾಗ ಬಿಚ್ಚಿಡ್ತೀನಿ ಅಷ್ಟೆ.”

ಫೋಟೋ ತೆಗೆಯುವಾಗ! ತಾನು ಇಷ್ಟು ದಿನ ನೋಡಿ ಕಲಿತದ್ದು ಆಟವನ್ನಲ್ಲ, ಆಟವಿಲ್ಲದ ಒಂದು ಕ್ಷಣವನ್ನು. ದಾರವೋ ಶಿಡ್ಲಘಟ್ಟದ ಮಂಚದ ಮೇಲಿದೆ. ಎರಡನೆಯ ಆಟಕ್ಕೆ ತೀರ್ಪುಗಾರ ರಾಮಾಂಜಿನಪ್ಪನವರು ಆಗಲೇ ಗಡಿಯಾರ ನೋಡುತ್ತಿದ್ದರು.

ಅವಳು ತಿರುಗಿದಳು. ಗೋಡೆಯ ಬದಿಯ ಕುರ್ಚಿಯಲ್ಲಿ, ಬೆಳಿಗ್ಗೆ ಜೊತೆಗೆ ಬಂದಿದ್ದ ಅಜ್ಜಿ ಕುಳಿತಿದ್ದಳು. ಕೈಯಲ್ಲಿ ಆವಿಯಾಡುವ ಚಹಾ. ಆವಿಯ ಮೇಲೆ, ಬೆರಳುಗಳ ನಡುವೆ, ಹಳದಿ ದಾರದ ಒಂದು ಸಿಕ್ಕು. ಮಂಚದಿಂದ ಅದನ್ನು ಎತ್ತಿ ತಂದದ್ದನ್ನು ಅವಳು ದಾರಿಯುದ್ದಕ್ಕೂ ಹೇಳಿರಲಿಲ್ಲ.

ಸನಾ ಅವಸರದಲ್ಲಿ ಸಿಕ್ಕನ್ನು ಎಳೆಯಹೋದಳು. ಅಜ್ಜಿ ಅವಳ ಕೈ ತಳ್ಳಿದಳು.

“ಎಳೀಬೇಡ ಬೇಟಿ, ಬಿಗಿಯುತ್ತೆ. ಬಿಸಿ ತಾಗಲಿ, ತುದಿ ತಾನೇ ಬರ್ತದೆ.”

ಆವಿಗೆ ರೇಷ್ಮೆಯ ಅಂಟು ಮೆತ್ತಗಾಯಿತು. ತುದಿಯೊಂದು ಸಡಿಲಿತು. ಮುದಿ ಬೆರಳುಗಳು ಕೋಲಿನ ಸುತ್ತ ತಿರುಗತೊಡಗಿದವು. ರಾಮಾಂಜಿನಪ್ಪನವರು ಸನಾಳ ಹೆಸರು ಕೂಗಿದರು. ಇನ್ನೂ ಅರ್ಧ ಹಿಡಿಕೆ ಬಾಕಿ. ಎರಡನೆಯ ಸಲ ಕೂಗಿದಾಗ ಅಜ್ಜಿ ಕೊನೆಯ ಗಂಟು ಬಿಗಿದಳು.

“ಕೋಲಿಗೆ ಕಂಕಣ ಕಟ್ಸಿದೀರಲ್ಲ, ಮದುವೆ ಯಾವಾಗಮ್ಮ?” ಎಂದ ಮುರಳಿಮೋಹನ. ಜನ ನಕ್ಕರು. ದಾರಕ್ಕೆ ಅಡ್ಡಿಯಿಲ್ಲವೆಂದು ರಾಮಾಂಜಿನಪ್ಪನವರು ಹೇಳಿದ ಮೇಲೆ ಅವನೂ ತನ್ನ ಕೋಲು ಎತ್ತಿಕೊಂಡ.

ಎರಡನೆಯ ಆಟ ಸನಾಳದಾಯಿತು. ಮೂರನೆಯದರಲ್ಲಿ ಇಬ್ಬರಿಗೂ ಉಳಿದದ್ದು ಎಂಟರ ಕಪ್ಪು ಚೆಂಡೊಂದೇ; ಅದನ್ನು ಬೀಳಿಸಿದವರಿಗೆ ಪಂದ್ಯ. ಮುರಳಿಮೋಹನನ ಗುರಿ ಎಳ್ಳಷ್ಟು ತಪ್ಪಿತು.

ಸನಾ ಬಾಗಿದಳು. ಆರಿದ ಅಂಟು ಅಂಗೈಯನ್ನು ಮೆಲ್ಲಗೆ ಹಿಡಿದುಕೊಂಡಿತು. ಸಭಾಂಗಣ ಹಿಂದೆ ಸರಿಯಿತು, ಹಸಿರು ಹಬ್ಬಿತು, ಎಲೆಗಳ ನಡುವೆ ಒಂದು ಕರಿಯ ಗೂಡು ಕಾಯುತ್ತಿತ್ತು. ಅವಳು ಹೊಡೆದಳೋ, ಎಳೆದಳೋ. ಚೆಂಡು ಉರುಳಿತು, ನಿಧಾನಿಸಿತು, ಮೇಜಿನ ಮೂಲೆಯ ಪಾಕೆಟ್ಟಿನ ಅಂಚಿನಲ್ಲಿ ಯೋಚಿಸುವಂತೆ ನಿಂತಿತು.

ಆಮೇಲೆ ಸದ್ದಿಲ್ಲದೆ ಬಿತ್ತು.

ಫೋಟೋ ತೆಗೆಯುವವನು ಬಂದು, ದಾರದಡಿ ಕಂಪನಿಯ ಹೆಸರು ಮುಚ್ಚಿಹೋಗಿದೆ, ಅದನ್ನು ಬಿಚ್ಚಿದರೆ ಚೆನ್ನಾಗಿರುತ್ತದೆ ಎಂದ. ಸನಾ ಬಿಚ್ಚಲಿಲ್ಲ. ಹಳದಿ ಪೂರ್ತಿ ಕಾಣಲೆಂದು ಹಿಡಿತವನ್ನು ಸ್ವಲ್ಪ ಕೆಳಗಿಳಿಸಿದಳು.